ಕರಗಿಹೋದ ಕಾಲು ಭಾಗ: ಇಂಗ್ಲೆಂಡಿನ ಮನೆ ಆರೈಕೆಯ ಶುಲ್ಕ ಪದ್ಧತಿ

ಇಂಗ್ಲೆಂಡಿನಲ್ಲಿ ಚಿಕಿತ್ಸೆ ಉಚಿತ, ಆರೈಕೆಗೆ ದುಡ್ಡು. ಗಾಯಕ್ಕೆ ಪಟ್ಟಿ ಕಟ್ಟಲು ಮನೆಗೆ ಬರುವ ನರ್ಸಿನ ವೆಚ್ಚ ರಾಷ್ಟ್ರೀಯ ಆರೋಗ್ಯ ಸೇವೆಯದು. ಅದೇ ಮನೆಗೆ ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು, ಉಣಿಸಲು ಬರುವ ಸಹಾಯಕಿಯ ಏರ್ಪಾಡು ಸ್ಥಳೀಯ ಕೌನ್ಸಿಲಿನದು, ಅದಕ್ಕೆ ಬಿಲ್ಲು ಬರುತ್ತದೆ. ಹೀಗೆ ಶುಲ್ಕ ಹಾಕುವ ಅಧಿಕಾರವನ್ನು ಈಗ 2014ರ ಕೇರ್ ಆ್ಯಕ್ಟ್‌ನ 14ನೇ ಸೆಕ್ಷನ್ ಕೊಡುತ್ತದೆ. ಅಧಿಕಾರ ಕೊಟ್ಟಿದೆಯೇ ಹೊರತು ಕಡ್ಡಾಯ ಮಾಡಿಲ್ಲ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಪದ್ಧತಿಗೆ ಒಳ್ಳೆಯ ಹೆಸರಿದೆ: ಶಕ್ತಿ ಇದ್ದವರಿಂದ ಶಕ್ತಿ ಇದ್ದಷ್ಟೇ ವಸೂಲಿ ಮಾಡುವ ನ್ಯಾಯವಾದ ಲೆಕ್ಕ ಎಂದು. ಲೆಕ್ಕವನ್ನು ಸಾಲುಸಾಲಾಗಿ ಕೂಡಿ ಕಳೆದು ನೋಡಿದರೆ ಆ ಹೆಸರು ನಿಲ್ಲುವುದಿಲ್ಲ.

ಪದ್ಧತಿಯ ಗುಣಗಳು ಬೇಗ ಹೇಳಿ ಮುಗಿಸುವಂಥವು. ಮನೆಯಲ್ಲೇ ಆರೈಕೆ ಪಡೆಯುವವರ ವಾಸದ ಮನೆಯ ಬೆಲೆಯನ್ನು ಆಸ್ತಿಯೆಂದು ಎಣಿಸುವುದಿಲ್ಲ. ದುಡಿಮೆಯ ಸಂಬಳವನ್ನು ಪೂರ್ತಿ ಬಿಟ್ಟುಬಿಡುತ್ತಾರೆ. ಗಂಡನ ಶುಲ್ಕಕ್ಕೆ ಹೆಂಡತಿಯ ಆದಾಯವನ್ನಾಗಲಿ, ಹೆಂಡತಿಯ ಶುಲ್ಕಕ್ಕೆ ಗಂಡನದನ್ನಾಗಲಿ ಕೆದಕುವಂತಿಲ್ಲ. ಉಳಿತಾಯ 23,250 ಪೌಂಡ್ ದಾಟಿದವರು ಪೂರ್ಣ ವೆಚ್ಚ ಕೊಡಬೇಕು, 14,250ಕ್ಕಿಂತ ಕಡಿಮೆ ಇದ್ದವರ ಉಳಿತಾಯವನ್ನು ಮುಟ್ಟುವುದಿಲ್ಲ. ನಡುವಿನವರಿಗೆ ಪ್ರತಿ 250 ಪೌಂಡಿಗೆ ವಾರಕ್ಕೆ 1 ಪೌಂಡ್ ಆದಾಯ ಬರುತ್ತದೆಂದು ಊಹಿಸುತ್ತಾರೆ. ವರ್ಷಕ್ಕೆ ಇದು ನೂರಕ್ಕೆ ಇಪ್ಪತ್ತು ದಾಟುವ ಬಡ್ಡಿ, ಯಾವ ಬ್ಯಾಂಕಿನ ಠೇವಣಿಯಲ್ಲೂ ಸಿಗದ್ದು. ಇದು ಬಡ್ಡಿಯಲ್ಲ, ಉಳಿತಾಯದಿಂದ ಕೊಡಬಲ್ಲ ಪಾಲು ಎಂಬ ಸಮರ್ಥನೆ ಇದೆ. ಆದರೆ ಈ ಎರಡು ಮಿತಿಗಳು 2010ರಿಂದ ಒಂದು ಪೌಂಡೂ ಏರಿಲ್ಲ ಎಂಬುದಕ್ಕೆ ಅಂಥ ಸಮರ್ಥನೆ ಇಲ್ಲ.

ಪದ್ಧತಿಯ ಹೃದಯ ಇರುವುದು ಬೇರೆ ಕಡೆ, 'ಕನಿಷ್ಠ ಆದಾಯ ಖಾತರಿ' ಎಂಬ ಒಂದು ಅಂಕಿಯಲ್ಲಿ. ಶುಲ್ಕ ಕಳೆದ ಮೇಲೆ ವ್ಯಕ್ತಿಯ ಕೈಯಲ್ಲಿ ವಾರಕ್ಕೆ ಇಷ್ಟಾದರೂ ಉಳಿಯಬೇಕು ಎಂಬ ಗೆರೆ ಅದು. ಅದರ ಮೂಲದಲ್ಲೊಂದು ವಿವೇಕವಿತ್ತು: ಬಡ ಪಿಂಚಣಿದಾರರಿಗೆ ಸರ್ಕಾರ ತುಂಬಿಕೊಡುವ 'ಪೆನ್ಷನ್ ಕ್ರೆಡಿಟ್' ಮಟ್ಟದ ಮೇಲೆ ಇನ್ನೂ ಕಾಲು ಭಾಗ ಬಿಡಬೇಕು. ಆರೈಕೆ ಬೇಕಾದ ದೇಹ ಹೊತ್ತವರು ಬರೀ ಬಡತನದ ಗೆರೆಯ ಮೇಲೆ ಬದುಕಲಾರರು ಎಂಬ ಅರಿವು ಆ ಕಾಲು ಭಾಗದಲ್ಲಿತ್ತು. 2015ರಲ್ಲಿ ಒಂಟಿ ಪಿಂಚಣಿದಾರರ ಕ್ರೆಡಿಟ್ ವಾರಕ್ಕೆ 151.20 ಪೌಂಡ್, ಖಾತರಿ ಸರಿಯಾಗಿ 189 ಪೌಂಡ್. ಲೆಕ್ಕ ಚೊಕ್ಕವಾಗಿತ್ತು.

ಅನಂತರ ಆ 189 ಅಲುಗಾಡಲಿಲ್ಲ. 2022ರವರೆಗೆ ಏಳು ವರ್ಷ ಅಲ್ಲೇ ನಿಂತಿತು. ಬೆಲೆಗಳು ಏರಿದವು, ಪೆನ್ಷನ್ ಕ್ರೆಡಿಟ್ಟೂ ಏರಿತು. ಖಾತರಿ ಮತ್ತೆ ಚಲಿಸತೊಡಗಿದಾಗ ಕಳೆದುಕೊಂಡದ್ದನ್ನು ತುಂಬಿಕೊಡಲಿಲ್ಲ. 2025–26ರಲ್ಲಿ ಕ್ರೆಡಿಟ್ 227.10, ಖಾತರಿ 232.60. ನೂರಕ್ಕೆ ಇಪ್ಪತ್ತೈದಿದ್ದ ಅಂತರ ಎರಡೂವರೆಗೂ ಮುಟ್ಟುವುದಿಲ್ಲ. ಯಾವ ಮಸೂದೆಯೂ ಈ ಕಾಲು ಭಾಗವನ್ನು ರದ್ದು ಮಾಡಲಿಲ್ಲ. ಅಂಕಿಯನ್ನು ಹಾಗೇ ಬಿಟ್ಟದ್ದೇ ಸಾಕಾಯಿತು.

ಇದರ ಪರಿಣಾಮ ಒಂದು ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ. ಒಂಟಿಯಾಗಿ ವಾಸಿಸುವ, ಹಗಲು ರಾತ್ರಿ ನೆರವು ಬೇಕಾದ, ಉಳಿತಾಯವಿಲ್ಲದ ವೃದ್ಧೆಯೊಬ್ಬರನ್ನು ಊಹಿಸಿಕೊಳ್ಳಬಹುದು. 2025–26ರ ದರದಲ್ಲಿ ಅವರಿಗೆ ವಾರಕ್ಕೆ ಪೆನ್ಷನ್ ಕ್ರೆಡಿಟ್ಟಿನ ಮಟ್ಟದ 227.10, ತೀವ್ರ ಅಂಗವೈಕಲ್ಯದ ಹೆಚ್ಚುವರಿ 82.90, ನೆರವು ಬೇಕಾದ ವೃದ್ಧರ ಭತ್ಯೆಯಾದ ಅಟೆಂಡೆನ್ಸ್ ಅಲೋಯನ್ಸಿನ ಮೇಲಿನ ದರ 110.40, ಒಟ್ಟು 420.40 ಪೌಂಡ್. ಖಾತರಿಯ 232.60 ಕಳೆದರೆ 187.80 ಉಳಿಯುತ್ತದೆ. ಆರೈಕೆಯ ವೆಚ್ಚ ಅಷ್ಟಿದ್ದರೆ ಅಷ್ಟನ್ನೂ ಕೌನ್ಸಿಲ್ ಕೇಳಬಹುದು. ಅಂಗವೈಕಲ್ಯದ ಹೆಸರಿನಲ್ಲಿ ಬಂದ 193.30 ಪೌಂಡಿನಲ್ಲಿ ಅವರ ಪಾಲಿಗೆ ನಿಲ್ಲುವುದು 5.50. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇಷ್ಟು ನಿಖರವಾದ ಅಂಕಿಅಂಶ ಸಿಗುವುದು ಅಪರೂಪ.

ಈ ಕಟುತನವನ್ನು ತಗ್ಗಿಸಲು ಇನ್ನೊಂದು ಕಳೆಯುವ ಬಾಬತ್ತಿದೆ: ಅಂಗವೈಕಲ್ಯದಿಂದ ತಗಲುವ ಹೆಚ್ಚಿನ ಖರ್ಚು. ಕೇಂದ್ರ ಸರ್ಕಾರದ ಮಾರ್ಗಸೂಚಿ ತುರ್ತು ಕರೆಗಂಟೆ, ಹೆಚ್ಚು ಬಟ್ಟೆ ಒಗೆತ, ಪಥ್ಯದ ಆಹಾರ, ಹೆಚ್ಚುವರಿ ಹಾಸಿಗೆ ಬಟ್ಟೆ, ಸರಾಸರಿ ಮೀರಿದ ಶಾಖದ ವೆಚ್ಚ, ತೋಟದ ನಿರ್ವಹಣೆ ಎಂದು ಪಟ್ಟಿ ಮಾಡುತ್ತದೆ. ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ ಎಂದೂ ಹೇಳುತ್ತದೆ. ಭಾಷೆ ಉದಾರವಾಗಿದೆ. ಆದರೆ ಅದೇ ಭಾಗದಲ್ಲಿ, ಅದೇ ವಸ್ತು ಕಡಿಮೆ ಖರ್ಚಿನಲ್ಲಿ ಬೇರೆ ಕಡೆ ಸಿಗುವಂತಿದ್ದರೆ ಕೌನ್ಸಿಲ್ ಆ ಖರ್ಚನ್ನು ಒಪ್ಪದಿರಬಹುದು ಎಂಬ ಮಾತೂ ಇದೆ. ಅದಕ್ಕೆ ಆರಿಸಿಕೊಂಡ ಉದಾಹರಣೆ ಮೂತ್ರ ಹಿಡಿದಿಡಲಾಗದವರು ಬಳಸುವ ಪ್ಯಾಡ್: ಆರೋಗ್ಯ ಸೇವೆ ಕೊಡುವುದಿದ್ದರೆ ಅಂಗಡಿಯಲ್ಲಿ ಕೊಂಡದ್ದು ಲೆಕ್ಕಕ್ಕಿಲ್ಲ. ಆರೋಗ್ಯ ಸೇವೆ ಕೊಡುವ ಪ್ಯಾಡುಗಳಿಗೆ ದಿನಕ್ಕಿಷ್ಟು ಎಂಬ ಮಿತಿಯಿರುವುದು ಸಾಮಾನ್ಯ. ಮಿತಿ ಮೀರಿದಾಗ ಅಂಗಡಿಗೆ ಹೋಗುವವರೇ ಆ ರಸೀದಿ ಹಿಡಿದು ಬರುವವರು. ನಿಯಮ ತಿರಸ್ಕರಿಸುವುದು ನಿಜವಾದ ಅಗತ್ಯವನ್ನೇ.

ಇದಕ್ಕಿಂತ ಆಳದ ದೋಷ ರಸೀದಿಯಲ್ಲೇ ಇದೆ. ಅಟೆಂಡೆನ್ಸ್ ಅಲೋಯನ್ಸನ್ನು ಕೇಂದ್ರ ಸರ್ಕಾರ ಆದಾಯ ನೋಡದೆ ಕೊಡುತ್ತದೆ, ಖರ್ಚಿನ ಲೆಕ್ಕ ಕೇಳದೆ ಕೊಡುತ್ತದೆ. ಆ ಭತ್ಯೆಯ ಘನತೆ ಇರುವುದೇ ಅಲ್ಲಿ. ಕೌನ್ಸಿಲ್ ಅದನ್ನು ಆದಾಯವೆಂದು ಎಣಿಸಿದ ಗಳಿಗೆಯಿಂದ ಅದೇ ದುಡ್ಡಿನ ಪ್ರತಿ ಪೌಂಡಿಗೂ ಸಾಕ್ಷಿ ಬೇಕಾಗುತ್ತದೆ. ಕೆಲವು ಕೌನ್ಸಿಲ್‌ಗಳು ರಸೀದಿ ಕೇಳದೆ ನಿಗದಿತ ಮೊತ್ತ ಕಳೆಯುವುದುಂಟು. ಉಳಿದೆಡೆ ಪೆನ್ನು ಹಿಡಿಯಲಾರದವರು ಕಡತ ಹಿಡಿಯಬೇಕು.

ನ್ಯಾಯಾಲಯ ಒಮ್ಮೆ ಈ ಗಂಟಿಗೆ ಕೈ ಹಾಕಿತು. ನಾರ್ಫಕ್ ಕೌಂಟಿ ಕೌನ್ಸಿಲ್ ದುಡಿಯುವ ವಯಸ್ಸಿನವರಿಗೂ 189 ಪೌಂಡ್ ಬಿಡುತ್ತಿತ್ತು. 2019ರಲ್ಲಿ ಅದನ್ನು ಹಂತಹಂತವಾಗಿ ಆ ವಯಸ್ಸಿನವರಿಗೆ ಕಾನೂನಿನ ತಳಮಟ್ಟವಾದ 151.45ಕ್ಕೆ ಇಳಿಸಲು ನಿರ್ಧರಿಸಿತು, ಅಂಗವೈಕಲ್ಯ ಭತ್ಯೆಯ ಹೆಚ್ಚಿನ ಪಾಲನ್ನು ಆದಾಯಕ್ಕೆ ಸೇರಿಸಿತು. ಡೌನ್ ಸಿಂಡ್ರೋಮ್ ಇದ್ದ ಯುವತಿಯೊಬ್ಬರ ಶುಲ್ಕ ವಾರಕ್ಕೆ 16.88 ಪೌಂಡಿನಿಂದ 50.53ಕ್ಕೆ ಏರುವುದರಲ್ಲಿತ್ತು. ಸಂಬಳವನ್ನು ಬಿಟ್ಟು ಭತ್ಯೆಯನ್ನು ಎಣಿಸುವ ಲೆಕ್ಕದಲ್ಲಿ, ದುಡಿಯಲು ಸಾಧ್ಯವೇ ಇಲ್ಲದಷ್ಟು ತೀವ್ರ ಅಂಗವೈಕಲ್ಯ ಇರುವವರೇ ಆದಾಯದ ಹೆಚ್ಚಿನ ಪಾಲು ತೆರುತ್ತಾರೆ. ಇದು ತಾರತಮ್ಯ ಎಂದು 2020ರ ಡಿಸೆಂಬರಿನಲ್ಲಿ ಹೈಕೋರ್ಟ್ ತೀರ್ಪಿತ್ತಿತು. ತೀರ್ಪು ಮುಟ್ಟಿದ್ದು ಒಂದು ಕೌಂಟಿಯ ನೀತಿಯನ್ನು. ಅದಕ್ಕೆ ಅವಕಾಶ ಕೊಟ್ಟ ರಾಷ್ಟ್ರೀಯ ನಿಯಮಗಳು ಹಾಗೇ ಉಳಿದವು.

ಇಷ್ಟಾದರೂ ವಿಮರ್ಶಕರ ಕಣ್ಣು ಬೇರೆ ಕಡೆ ನೆಟ್ಟಿದೆ. ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಡಿಲ್ನಾಟ್ ಅವರ ಆಯೋಗ 2011ರಲ್ಲಿ ಜೀವಮಾನದ ಆರೈಕೆ ವೆಚ್ಚಕ್ಕೆ ಗರಿಷ್ಠ ಮಿತಿ ಇರಲಿ ಎಂದಿತು. ಅಂದಿನಿಂದ ಚರ್ಚೆಯೆಲ್ಲ ಅದರ ಸುತ್ತಲೇ: 72,000 ಪೌಂಡಿನ ಮಿತಿ 2016ಕ್ಕೆಂದು ನಿಗದಿಯಾಗಿ ತಪ್ಪಿತು, 86,000ದ ಮಿತಿ 2023ಕ್ಕೆ, ಆಮೇಲೆ 2025ಕ್ಕೆ ಎಂದು ಮುಂದೆ ಸರಿದು 2024ರ ಜುಲೈಯಲ್ಲಿ ರದ್ದಾಯಿತು. ಮನೆ ಮಾರಬೇಕಾದವರ ಸಂಕಟ ಈ ವಾದದ ಜೀವಾಳ. ಮನೆ ಆರೈಕೆಯಲ್ಲಿ ಮನೆಯ ಬೆಲೆ ಲೆಕ್ಕಕ್ಕೇ ಇಲ್ಲದಿರುವಾಗ, ಭತ್ಯೆಯನ್ನೇ ನಂಬಿದವರಿಗೆ ಆ ವಾದದಿಂದ ಆಗುವುದು ಅಲ್ಪ. ಕೌನ್ಸಿಲ್ ಕೊಡುವ ಪಾಲನ್ನು ಮಿತಿಯ ಎಣಿಕೆಗೆ ಹಿಡಿಯಬಾರದು ಎಂದು 2022ರ ಕಾನೂನು ಹೇಳಿದ ಮೇಲಂತೂ ಬಡವರು ಆ ಮಿತಿಯನ್ನು ಮುಟ್ಟುವುದು ಇನ್ನೂ ದೂರವಾಗಿತ್ತು.

ಇದಕ್ಕೂ ಹಳೆಯ ವಾದವೊಂದಿದೆ. 1999ರಲ್ಲಿ ಸದರ್‌ಲೆಂಡ್ ರಾಯಲ್ ಆಯೋಗ ದೈಹಿಕ ಆರೈಕೆ ಉಚಿತವಾಗಲಿ ಎಂದಾಗ, ಸದಸ್ಯರಾದ ಜೋಯೆಲ್ ಜಾಫಿ ಮತ್ತು ಡೇವಿಡ್ ಲಿಪ್ಸಿ ಭಿನ್ನಮತ ಬರೆದರು: ಉಚಿತವಾದರೆ ಲಾಭ ಉಳ್ಳವರಿಗೆ. ಇಂಗ್ಲೆಂಡ್ ಅವರ ಮಾತಿಗೆ ತಲೆಯಾಡಿಸಿತು. ವೃದ್ಧಾಲಯದ ವೆಚ್ಚಕ್ಕೆ ಆ ವಾದ ಸಲ್ಲಬಹುದು. 420 ಪೌಂಡಿನಲ್ಲಿ 188 ತೆರುವ ವೃದ್ಧೆಯನ್ನು ಉಳ್ಳವರ ಸಾಲಿಗೆ ಸೇರಿಸಲು ಬರುವುದಿಲ್ಲ.

ಬೇರೆ ದಾರಿ ಇಲ್ಲವೆಂದೂ ಹೇಳುವಂತಿಲ್ಲ. ಸ್ಕಾಟ್ಲೆಂಡ್ 2002ರಿಂದ 65 ದಾಟಿದವರಿಗೆ, 2019ರಿಂದ ಅದಕ್ಕೂ ಕಿರಿಯರಿಗೆ ದೈಹಿಕ ಆರೈಕೆಯನ್ನು ಉಚಿತ ಮಾಡಿದೆ. ವೇಲ್ಸ್ ಮನೆ ಆರೈಕೆಯ ಶುಲ್ಕ ವಾರಕ್ಕೆ 100 ಪೌಂಡ್ ಮೀರದಂತೆ 2020ರಲ್ಲಿ ಕಟ್ಟುಹಾಕಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಮತ್ತು ಫುಲಮ್ ಕೌನ್ಸಿಲ್ 2015ರಲ್ಲೇ ಶುಲ್ಕ ಎತ್ತಿಹಾಕಿತು. ಕೇಂದ್ರದ ಅನುದಾನ ಕುಗ್ಗಿದ ಉಳಿದ ಕೌನ್ಸಿಲ್‌ಗಳ ಕಷ್ಟ ಸುಳ್ಳಲ್ಲ. ಆದರೆ ಹಳೆಯ ಕಾಲು ಭಾಗವನ್ನು ಮರಳಿಸಿದರೂ 2025–26ರ ದರದಲ್ಲಿ ಖಾತರಿ 283.88 ಪೌಂಡಾಗುತ್ತದೆ, ಮೇಲಿನ ಉದಾಹರಣೆಯ ವೃದ್ಧೆಯ ಬಿಲ್ಲಿನಲ್ಲಿ ವಾರಕ್ಕೆ 51 ಪೌಂಡ್ ಇಳಿಯುತ್ತದೆ. ಹೊಸ ಆಯೋಗ, ಹೊಸ ಸಿದ್ಧಾಂತ ಯಾವುದೂ ಇದಕ್ಕೆ ಬೇಕಿಲ್ಲ. 2015ರ ಗುಣಾಕಾರವನ್ನು ಇನ್ನೊಮ್ಮೆ ಮಾಡಿದರಾಯಿತು.