42 ಸೌಲಭ್ಯ, ನೀರೊಂದು ಬಿಟ್ಟು

ಬೆಂಗಳೂರಲ್ಲಿ ಇಷ್ಟೊಂದು ಓದುಗರಿದ್ದೂ ಒಬ್ಬ ವಿಮರ್ಶಕನೂ ಇಲ್ಲದ ಸಾಹಿತ್ಯ ಪ್ರಕಾರ ಅಂದ್ರೆ ಅಪಾರ್ಟ್‌ಮೆಂಟ್ ಬ್ರೋಷರ್. 300 ರೂಪಾಯಿಯ ಕಾದಂಬರಿ ಕೊಳ್ಳೋಕೆ ಹತ್ತು ಜನರ ಅಭಿಪ್ರಾಯ ಕೇಳೋ ನಾವು, ಇದನ್ನು ನಂಬಿ 20 ವರ್ಷದ ಸಾಲಕ್ಕೆ ಸಹಿ ಹಾಕ್ತೀವಿ. ಹಾಗಾಗಿ ಮೊನ್ನೆ ಕೈಗೆ ಸಿಕ್ಕ, ವೈಟ್‌ಫೀಲ್ಡ್ ಕಡೆಯ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಬ್ರೋಷರನ್ನು ಪೆನ್ಸಿಲ್ ಹಿಡಿದೇ ಓದಿದೆ.

ಮುದ್ರಣ ಸೊಗಸಾಗಿದೆ, ಎರಡು ಮಾತಿಲ್ಲ. ಆದರೆ ಮೊದಲ ಪುಟದ ದಪ್ಪಕ್ಷರದ 1,240 ಚದರ ಅಡಿ, ಕೊನೇ ಪುಟಕ್ಕೆ ಬರೋಷ್ಟರಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 815 ಆಗಿರುತ್ತೆ. ಮೊದಲನೆಯದು ಸೂಪರ್ ಬಿಲ್ಟ್-ಅಪ್, ಅಂದ್ರೆ ಲಿಫ್ಟು, ಮೆಟ್ಟಿಲು, ಲಾಬಿಯಲ್ಲಿ ನಿಮ್ಮ ಪಾಲೂ ಸೇರಿದ್ದು. ಎರಡನೆಯದು ಕಾರ್ಪೆಟ್ ಏರಿಯಾ, ನೀವು ಚಾಪೆ ಹಾಸಿ ಮಲಗಬಹುದಾದ ಜಾಗ. 2016ರ ರೇರಾ ಕಾಯ್ದೆಯ ಲೆಕ್ಕದಲ್ಲಿ ಬಾಲ್ಕನಿ ಕೂಡ ಇದರೊಳಗೆ ಬರಲ್ಲ.

ಇನ್ನು, ಇಲ್ಲಿ ದೂರವನ್ನು ಕಿಲೋಮೀಟರಲ್ಲಿ ಹೇಳೋ ಸಂಪ್ರದಾಯವೇ ಇಲ್ಲ. ಮೆಟ್ರೋ 7 ನಿಮಿಷವಂತೆ. ಯಾವ ಹೊತ್ತಲ್ಲಿ, ಯಾರ ಗಾಡೀಲಿ ಅಂತ ಕೇಳಬಾರದು. ಮೆಟ್ರೋ ಏನೂ ಸುಳ್ಳಲ್ಲ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಬಂತು, ಅದೇ ಅಕ್ಟೋಬರ್‌ನಲ್ಲಿ ಉಳಿದ ನೇರಳೆ ಮಾರ್ಗಕ್ಕೆ ಕೂಡಿಕೊಂಡಿತು. ಆದರೆ ಈ ಫ್ಲ್ಯಾಟಿನ ಗೇಟಿನಿಂದ ಸ್ಟೇಷನ್‌ವರೆಗೆ ನಡೆದು ನೋಡಿದೆ. ಫುಟ್‌ಪಾತ್ ಅಲ್ಲಲ್ಲಿ ಇದೆ, ಟ್ರಾನ್ಸ್‌ಫಾರ್ಮರ್ ಬಂದಲ್ಲಿ ನಾವು ರಸ್ತೆಗೆ ಇಳೀಬೇಕು. ಇದೇ ವೈಟ್‌ಫೀಲ್ಡ್ 1880ರ ದಶಕದಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ, ಆಂಗ್ಲೋ-ಇಂಡಿಯನ್ನರಿಗಾಗಿ ಹುಟ್ಟಿದ ಊರು. ಇನ್ನರ್ ಸರ್ಕಲ್ ಕಡೆ ಒಮ್ಮೆ ಹೋಗಿ ಬನ್ನಿ. ದುಂಡಗೆ ರಸ್ತೆ ಎಳೆದು ಅದರ ಸುತ್ತ ಮನೆ ಕಟ್ಟಿದ್ದರು. ನಮ್ಮ ಕಾಲದಲ್ಲಿ ಮೊದಲು ಟವರ್ ಏಳುತ್ತೆ, ರಸ್ತೆ ಹಿಂದಿನಿಂದ ಓಡಿ ಬರುತ್ತೆ.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಸೌಲಭ್ಯಗಳ ಪಟ್ಟಿ ನೋಡಿ. 42 ಇವೆ. ಯೋಗ ಡೆಕ್ಕು, ನಾಯಿಗೊಂದು ಪಾರ್ಕು, ಒಂದಲ್ಲ ಎರಡು ಈಜುಕೊಳ. ಕುಡಿಯೋ ನೀರು ಎಲ್ಲಿಂದ ಅನ್ನೋದಕ್ಕೆ ಒಂದು ಸಾಲಿಲ್ಲ. ಮಹದೇವಪುರ ಕಡೆಯ ಹಲವು ಹಳ್ಳಿಗಳೂ ಸೇರಿ 110 ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಅವಕ್ಕೆ ನೀರು ಕೊಡೋ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಲೆಕ್ಕ ಹಾಕಿ: ಪಾಲಿಕೆಗೆ ಸೇರಿದ ವರ್ಷ ಅಲ್ಲಿ ಸಾಲ ಮಾಡಿ ಮನೆ ಕೊಂಡವರು, 17 ವರ್ಷ ಕಂತು ಕಟ್ಟಿ ಆಗಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಬೇಕಾಯ್ತು, ನೆನಪಿರಬಹುದು.

ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಬ್ರೋಷರಿನ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟ ಆದವರು ಪರಿಹಾರ ಕೇಳಬಹುದು. ಹಾಗಾಗಿ ಬ್ರೋಷರನ್ನು ರದ್ದಿಗೆ ಹಾಕಬೇಡಿ, ಕರಾರುಪತ್ರದ ಜೊತೆಗೇ ಇಟ್ಟುಕೊಳ್ಳಿ. ಆದರೆ ಇದನ್ನು ಬರೆದವರು ಜಾಣರು. ಈಜುಕೊಳದ ಬಗ್ಗೆ ಸತ್ಯವನ್ನೇ ಹೇಳಿದ್ದಾರೆ, ನಲ್ಲಿಯ ಬಗ್ಗೆ ಬಾಯೇ ಬಿಟ್ಟಿಲ್ಲ. ಹೇಳದ ಮಾತನ್ನು ಸುಳ್ಳು ಅಂತ ಸಾಬೀತು ಮಾಡೋದು ಹೇಗೆ?

ಅದಕ್ಕೇ ಸೈಟ್ ಆಫೀಸಿನ ಹುಡುಗನನ್ನು ಕೇಳಿದೆ, ಕಾವೇರಿ ಕನೆಕ್ಷನ್ ಇದೆಯೇನಪ್ಪಾ ಅಂತ.

"ಬರುತ್ತೆ ಸರ್, ಪೈಪ್‌ಲೈನ್ ಇಲ್ಲೇ ಪಕ್ಕದಲ್ಲೇ ಹೋಗಿದೆ."

"ಇಷ್ಟನ್ನೇ ಒಂದು ಇಮೇಲಲ್ಲಿ ಬರೆದು ಕಳಿಸ್ತೀಯಾ?"

ಮ್ಯಾನೇಜರನ್ನ ಕರೀತೀನಿ ಇರಿ ಸರ್ ಅಂತ ಎದ್ದು ಹೋದ.