ಕಹಿಯಿಂದ ಶುರುವಾಗುವ ಊಟ

ಎಲೆಯ ತುದಿಗೆ ಮೊದಲು ಪಾಯಸ ಬಡಿಸಿಕೊಂಡು ಬೆಳೆದ ನಾಲಿಗೆಗೆ ಕೋಲ್ಕತ್ತದ ಊಟ ಮೊದಲ ತುತ್ತಿನಲ್ಲೇ ಬೇರೆ ಪಾಠ ಹೇಳುತ್ತದೆ. ಅಲ್ಲಿ ಅನ್ನದ ಜೊತೆ ಮೊದಲು ಬರುವುದು ಶುಕ್ತೊ: ಹಾಗಲ, ಬಾಳೆಕಾಯಿ, ನುಗ್ಗೆ, ಬದನೆ, ಗೆಣಸು, ಕರಿದ ಬೇಳೆ ಸಂಡಿಗೆ, ಇಳಿಸುವ ಮುನ್ನ ತುಸು ಹಾಲು. ಹಾಗಲದ ಕಹಿಯನ್ನು ಬೆಲ್ಲ, ಹುಣಸೆ ಹಾಕಿ ಮುಚ್ಚುವ ನಮಗೆ ಇದು ಅಚ್ಚರಿ. ಕಹಿ ಉಳಿಯುತ್ತದೆ, ಆದರೆ ಚುಚ್ಚುವುದಿಲ್ಲ. ಅದಾದ ಮೇಲೆ ಬೇಳೆ, ಪಲ್ಯ, ಮೀನು, ಕೊನೆಗೆ ಸಿಹಿ ಚಟ್ನಿ.

ಈ ಕ್ರಮವನ್ನು ಕಡಿಮೆ ದುಡ್ಡಿಗೆ ಕಾಪಾಡಿಕೊಂಡು ಬಂದವು ಅಲ್ಲಿನ ‘ಪೈಸ್ ಹೋಟೆಲ್’ಗಳು. ರೂಪಾಯಿಗೆ 64 ಪೈಸೆ ಇದ್ದ ಕಾಲದ ಹೆಸರದು. ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಗಳ ಹತ್ತಿರ, ಭವಾನಿ ದತ್ತ ಲೇನಿನಲ್ಲಿ ಸ್ವಾಧೀನ್ ಭಾರತ್ ಹಿಂದೂ ಹೋಟೆಲ್ ಇದೆ. ‘ಸ್ವಾಧೀನ್ ಭಾರತ್’ ಎಂಬುದು 1947ರ ಸ್ವಾತಂತ್ರ್ಯದ ನಂತರ ಸೇರಿದ್ದು. ಗೋಡೆಯ ಹಲಗೆಯ ಮೇಲೆ ಅಂದಿನ ಅಡುಗೆ, ಬೆಲೆ. ತಿಂದ ಬಟ್ಟಲಿಗಷ್ಟೇ ಲೆಕ್ಕ. ಬಾಳೆಲೆಗೂ ಬೇರೆ ಕಾಸು.

ನಮ್ಮಲ್ಲಿ ಗಸಗಸೆ ಎಂದರೆ ಪಾಯಸ. ಅಲ್ಲಿ ಆಲೂಗಡ್ಡೆಗೆ ಮೆತ್ತಿಕೊಂಡ ಪೋಸ್ತೊ. ನಾವು ಎಣ್ಣೆಯಲ್ಲಿ ಸಿಡಿಸುವ ಸಾಸಿವೆಯನ್ನು ಅವರು ಹಸಿಯಾಗಿ ಅರೆದು ಇಲಿಶ್ ಮೀನಿಗೆ ಹಚ್ಚುತ್ತಾರೆ. ಮಲೆನಾಡಿನ ಮಾವಿನಹಣ್ಣಿನ ಸಾಸಿವೆ ಉಂಡವರಿಗೆ ಆ ಘಾಟು ತೀರಾ ಅಪರಿಚಿತವಲ್ಲ.

ದೊಡ್ಡ ರೆಸ್ಟೋರೆಂಟುಗಳಲ್ಲಿ ಇದೇ ಅಡುಗೆ ಹಿತ್ತಾಳೆ ತಟ್ಟೆಯಲ್ಲಿ ಸಿಗುತ್ತದೆ, ರುಚಿಯೂ ಚೆನ್ನ. ನನ್ನ ಮತ ಮಾತ್ರ ಪೈಸ್ ಹೋಟೆಲಿಗೆ. ಮಧ್ಯಾಹ್ನ ಬೇಗ ಹೋಗಿ, ಶುಕ್ತೊ ಬಿಡಬೇಡಿ.