ಹೋಂವರ್ಕ್ ಮುಗಿದ ಮೇಲಿನ ಬರವಣಿಗೆ

ಹತ್ತನೇ ತರಗತಿಗೆ ಕಾಲಿಟ್ಟ ಮಗು ಮೊದಲು ಕೈಬಿಡುವುದು ಏನನ್ನು? ಟಿ.ವಿ.ಯನ್ನಲ್ಲ, ಮೊಬೈಲನ್ನಂತೂ ಅಲ್ಲವೇ ಅಲ್ಲ. ಚಿತ್ರ ಬಿಡಿಸುವುದನ್ನು, ನಾಟಕದ ತಾಲೀಮನ್ನು, ನೋಟುಪುಸ್ತಕದ ಹಿಂದಿನ ಪುಟದಲ್ಲಿ ಕವಿತೆ ಗೀಚುವುದನ್ನು. "ಇದೊಂದು ವರ್ಷ ಓದು, ಆಮೇಲೆ ಬೇಕಾದ್ದು ಮಾಡು" ಎನ್ನುತ್ತಾರೆ ಮನೆಯವರು. ಆ ಒಂದು ವರ್ಷ ಪಿಯುಸಿ, ಸಿಇಟಿ, ನೀಟ್ ಎಂದು ಉದ್ದವಾಗುತ್ತಾ ಹೋಗುತ್ತದೆ. ಅಷ್ಟರಲ್ಲಿ ಬರೆಯುವ ಕೈ ಜಡ್ಡುಗಟ್ಟಿರುತ್ತದೆ.

ಹೆತ್ತವರನ್ನು ದೂರುವುದು ಸುಲಭ. ಆದರೆ ಅವರ ಭಯಕ್ಕೂ ಕಾರಣವಿದೆ. ಯಾವ ಕಾಲೇಜು, ಎಷ್ಟು ಫೀಸು ಎಂಬುದೆಲ್ಲ ನಿಂತಿರುವುದು 625 ಅಂಕಗಳ ಮೇಲೆ. ಅದರಲ್ಲಿ ಪ್ರಥಮ ಭಾಷೆಗೇ 125, ಉಳಿದ ವಿಷಯಗಳಿಗಿಂತ 25 ಹೆಚ್ಚು. ಭಾಷೆಗೆ ಇಷ್ಟು ಮಾನ ಕೊಟ್ಟ ಪರೀಕ್ಷೆಯಲ್ಲಿ ಬರೆಯುವ ಮಗುವೇ ಗೆಲ್ಲಬೇಕಿತ್ತು. ನಡೆಯುವುದು ಹಾಗಲ್ಲ. ಪದ್ಯವನ್ನು ಬಾಯಿಪಾಠದಿಂದ ಪೂರ್ಣಗೊಳಿಸಬೇಕು. ಸಾರಾಂಶವನ್ನು ಗೈಡಿನ ಮಾತಿನಲ್ಲೇ ಒಪ್ಪಿಸಿದರೂ ಅಂಕ ಬೀಳುತ್ತದೆ. ಸ್ವಂತ ಬರವಣಿಗೆಗೆ ಉಳಿಯುವುದು ಪ್ರಬಂಧ, ಪತ್ರಗಳ ಬೆರಳೆಣಿಕೆಯ ಅಂಕ. ಅವನ್ನೂ ಮೊದಲೇ ಊಹಿಸಿ ಉರುಹೊಡೆಸಲಾಗುತ್ತದೆ.

ಹಾಗಾದರೆ ಪ್ರತಿಭಾ ಕಾರಂಜಿ ಇಲ್ಲವೇ ಎಂದು ಕೇಳಬಹುದು. ಇದೆ, ಇರಬೇಕಾದದ್ದೇ. ಜನಪದ ಗೀತೆ, ಗಜಲ್, ಕವ್ವಾಲಿ, ಮಣ್ಣಿನ ಮಾದರಿ ಎಲ್ಲವೂ ಒಂದೇ ಸೂರಿನಡಿ ಬರುವ ಸರಕಾರಿ ವೇದಿಕೆ ಬೇರೊಂದು ಸಿಗುವುದು ಕಷ್ಟ. ನಮ್ಮ ತಕರಾರು ಬೇರೆ. ಅದು ಸ್ಪರ್ಧೆ. ಕ್ಲಸ್ಟರ್ ದಾಟಿದವರು ತಾಲೂಕಿಗೆ, ತಾಲೂಕು ದಾಟಿದವರು ಜಿಲ್ಲೆಗೆ, ಉಳಿದವರು ಮನೆಗೆ. ಪ್ರಬಂಧ ಬರೆದು ಸೋತ ಹುಡುಗಿಗೆ ತನ್ನ ಬರಹದಲ್ಲಿ ಏನು ಚೆನ್ನಾಗಿತ್ತು, ಎಲ್ಲಿ ಎಡವಿತು ಎಂದು ಹೇಳುವವರಿಲ್ಲ. ಇನ್ನೂ ಒಂದು ಮಾತು. ಕವ್ವಾಲಿ ಹಾಡಿದ ಐದಾರು ಮಕ್ಕಳಿಗೆ ಚಪ್ಪಾಳೆ ಸಿಕ್ಕಿತು, ಸರಿ. ಕೆಳಗೆ ಕುಳಿತು ಕೇಳಿದ ಮಕ್ಕಳಿಗೆ ಏನನ್ನಿಸಿತು? ಯಾವ ದನಿ ಎದೆಗೆ ತಾಗಿತು, ತಾಳ ಎಲ್ಲಿ ತಪ್ಪಿತು, ಹಾಡಿನ ಅರ್ಥ ತಿಳಿಯದಿದ್ದರೂ ಯಾಕೆ ಇಷ್ಟವಾಯಿತು? ಇದನ್ನು ಬರೆಯಲು ಹಾಡಲು ಬರಬೇಕೆಂದಿಲ್ಲ, ಕಿವಿ ಇದ್ದರೆ ಸಾಕು. ಕಲೆಯ ಬಗ್ಗೆ ಬರೆಯುವುದೂ ಒಂದು ಕಲೆಯೆಂಬುದು ನಮ್ಮ ಶಾಲೆಗಳ ಲೆಕ್ಕದಲ್ಲೇ ಇಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾದಂಬರಿಕಾರ ಡೇವ್ ಎಗ್ಗರ್ಸ್ ಮತ್ತು ಶಿಕ್ಷಕಿ ನಿನಿವೆ ಕ್ಯಾಲೆಗರಿ 2002ರಲ್ಲಿ '826 ವೇಲೆನ್ಸಿಯಾ' ಎಂಬ ಬರವಣಿಗೆ ಕೇಂದ್ರ ತೆರೆದರು. ಆ ಜಾಗದಲ್ಲಿ ಅಂಗಡಿಯೇ ಇರಬೇಕೆಂಬ ನಿಯಮವಿದ್ದುದರಿಂದ ಮುಂಭಾಗದಲ್ಲಿ ಕಡಲುಗಳ್ಳರ ಸಾಮಾನಿನ ತಮಾಷೆಯ ಅಂಗಡಿ ಇಟ್ಟರು! ನಮಗೆ ಮುಖ್ಯವೆನಿಸಿದ್ದು ಒಳಗಿನ ಕ್ರಮ. ಶಾಲೆ ಬಿಟ್ಟು ಬಂದ ಮಕ್ಕಳು ಮೊದಲು ಸ್ವಯಂಸೇವಕರ ಪಕ್ಕ ಕುಳಿತು ಹೋಂವರ್ಕ್ ಮುಗಿಸುತ್ತಾರೆ. ಆಮೇಲೆ ಓದು, ಬರಹ. ಬರೆದದ್ದು ಪುಸ್ತಕವಾಗಿ ಅಚ್ಚಾಗುತ್ತದೆ. ಶಾಲೆಯ ಓದು ಮತ್ತು ಸ್ವಂತ ಬರಹವನ್ನು ಅಲ್ಲಿ ಎದುರಾಳಿಗಳಂತೆ ನಿಲ್ಲಿಸಿಲ್ಲ.

ಇದನ್ನು ಇಲ್ಲಿ ಹಾಗೆಯೇ ನೆಡಲಾಗದು. ಸಂಜೆಯ ಸ್ಪೆಷಲ್ ಕ್ಲಾಸ್ ಮುಗಿಯುವಾಗ ಹಳ್ಳಿಯ ಮಗುವಿಗೆ ಬಸ್ಸಿನ ಚಿಂತೆ. ಕತ್ತಲಾದ ಮೇಲೆ ಬರುವ ಮಗಳಿಗಾಗಿ ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ. ಶಾಲೆಯ ನಂತರದ ಗಂಟೆ ಎಂಬುದು ನಗರದ, ಅದರಲ್ಲೂ ವಾಹನವಿರುವ ಮನೆಯ ಮಕ್ಕಳ ಸೊತ್ತು. ಆದ್ದರಿಂದ ಶಾಲೆಯ ಸಮಯದೊಳಗೇ ಜಾಗ ಹುಡುಕಬೇಕು. ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಿರಲಿ ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಹೇಳಿತ್ತು. ಚಿತ್ರಕಲಾ ಶಿಕ್ಷಕರೇ ಇಲ್ಲದ ಸರಕಾರಿ ಹೈಸ್ಕೂಲುಗಳಲ್ಲಿ ಆ ಮಾತು ಕಾಗದದಲ್ಲೇ ಉಳಿದಿದೆ.

ಆದರೆ ಭಾಷಾ ಶಿಕ್ಷಕರಂತೂ ಇದ್ದಾರೆ. ಪ್ರಥಮ ಭಾಷೆಯ 125ರಲ್ಲಿ 25 ಆಂತರಿಕ ಅಂಕಗಳು. ಹಲವೆಡೆ ಅವು ಪಾಠದ ಪ್ರಶ್ನೋತ್ತರ ನಕಲು ಮಾಡಿದ ಹಾಳೆಗಳಿಗೆ ಸಂದುಹೋಗುತ್ತಿವೆ. ಊರಿನ ಯಕ್ಷಗಾನ, ನಾಟಕ, ಉರೂಸಿನ ಹಾಡು, ಕಂಡ ಸಿನಿಮಾ ಯಾವುದಾದರೊಂದರ ಬಗ್ಗೆ ಎರಡು ಪುಟ ಬರೆದು ತಂದರೆ ಅದನ್ನೂ ಆ 25ಕ್ಕೆ ಹಿಡಿಯುತ್ತೇನೆ ಎಂದು ಜೂನ್ ತಿಂಗಳಲ್ಲೇ ತರಗತಿಯಲ್ಲಿ ಹೇಳಿಬಿಟ್ಟರೆ, "ಇದೊಂದು ವರ್ಷ ಬಿಡು" ಎನ್ನಲು ಮನೆಯವರಿಗೆ ಕಾರಣ ಉಳಿಯುವುದಿಲ್ಲ.